ಮನೆ ಮಾರೋಕೆ ಮುಂಚೆ ನೆಲ ಉಜ್ಜಿ

ಈಗಿನ ಮಕ್ಕಳಿಗೆ ಮನೆ ಮಾರಬೇಕು ಅಂದ ತಕ್ಷಣ ನೆನಪಾಗೋದು ಪೇಂಟು. ಮೈಸೂರಿನ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಹಿಂದಿನವರು ಕಟ್ಟಿಸಿದ ಗಟ್ಟಿ ಮನೆ ಇರುತ್ತೆ. ಬಚ್ಚಲಿನ ಪಕ್ಕದ ಗೋಡೆ ತೇವ ಹೀರಿ ಉಬ್ಬಿಕೊಂಡಿದ್ದರೂ ಅದರ ಮೇಲೇ ಎರಡು ಕೋಟು ಬಳಿಸಿ, ಊದುಬತ್ತಿ ಹಚ್ಚಿಟ್ಟು, ‘ಬನ್ನಿ, ನೋಡಿ’ ಅಂತ ಕರೀತಾರೆ. ನೋಡೋಕೆ ಬರೋರು ಪೆದ್ದರಾ? ಜೊತೆಗೆ ಒಬ್ಬ ಮೇಸ್ತ್ರಿಯನ್ನೋ ಸೋದರಮಾವನನ್ನೋ ಕರ್ಕೊಂಡೇ ಬರ್ತಾರೆ, ಬಂದವರು ಗೋಡೆಗೆ ಬೆರಳಿನ ಗೆಣ್ಣಿಂದ ಕುಟ್ಟಿ ನೋಡ್ತಾರೆ. ಟೊಳ್ಳು ಸದ್ದು ಬಂತೋ, ಇವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಅಂತ ಗಟ್ಟಿಯಾಗಿರೋ ಗೋಡೆ ಮೇಲೂ ಅನುಮಾನ ಶುರು. ಮನೆ ಹಳೇದು ಅಂತ ಅವರಿಗೆ ಗೊತ್ತಿದ್ದೇ ಬಂದಿರ್ತಾರೆ ಕಣ್ರಪ್ಪ.

ತೇವ ಎಲ್ಲಿಂದ ಬರ್ತಿದೆ ಅಂತ ಮೊದಲು ಹುಡುಕಿ. ತಾರಸಿಯಿಂದ ನೀರು ಇಳಿಯೋ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿರುತ್ತೆ, ಇಲ್ಲಾ ಬಚ್ಚಲ ಟೈಲ್ಸ್ ಸಂದಿಯ ಸಿಮೆಂಟು ಉದುರಿರುತ್ತೆ, ಇಲ್ಲಾ ಗೋಡೆಯೊಳಗಿನ ಪೈಪು ಒಸರುತ್ತಿರುತ್ತೆ. ಅದು ಸರಿಹೋದ ಮೇಲೆ ಉಬ್ಬಿದ ಗಾರೆಯನ್ನ ಇಟ್ಟಿಗೆ ಕಾಣೋವರೆಗೂ ಕೆತ್ತಿಸಿ, ಒಣಗೋಕೆ ಬಿಡಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಶ್ಶಲ್ಲೇ ಉಜ್ಜಿ ತೆಗೀರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಸೇರಿಕೊಳ್ಳುತ್ತೆ. ಆಷಾಢದಲ್ಲಿ ಮನೆ ಮಾತುಕತೆಗೆ ಯಾರೂ ಬರಲ್ಲ, ಅಷ್ಟರಲ್ಲಿ ಬಣ್ಣ ಮುಗಿಸೋಣ ಅಂತ ಆ ಜಿಟಿಜಿಟಿ ಮಳೇಲಿ ಬಳಿಸೋರಿದ್ದಾರೆ. ಒಣಗೋದು ಯಾವಾಗ? ಬಣ್ಣ ಬೇಸಿಗೇಲೇ ಆಗಬೇಕು.

ಆಷಾಢದಲ್ಲಿ ನೆಲ ನೋಡ್ಕೊಳ್ಳಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲದ (ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಹಾಕಿದ ನೆಲ) ಮೇಲೆ ಅಗ್ಗದ ವಿನೈಲ್ ಹಾಳೆ ಹಾಸೋರನ್ನ ಕಂಡರೆ ಮೈಯೆಲ್ಲಾ ಉರಿಯುತ್ತೆ. ಇವತ್ತು ಅಂಥ ನೆಲ ಹಾಕೋ ಕೈಗಳೇ ಅಪರೂಪ, ಅದನ್ನ ಮುಚ್ಚೋದಾ? ಆಸಿಡ್ ಅಂತೂ ಹತ್ತಿರಕ್ಕೂ ತರಬೇಡಿ. ಅದು ಸಿಮೆಂಟನ್ನೇ ತಿಂದು, ಮೇಲಿನ ನುಣುಪು ಹೋಗಿ, ನೆಲ ಬಿಳಿಚಿಕೊಳ್ಳುತ್ತೆ. ಪಾಲಿಶ್ ಮೇಲೆ ಪಾಲಿಶ್ ಬಿದ್ದು ಕಪ್ಪುಗಟ್ಟಿದ್ದರೆ ಟರ್ಪೆಂಟೈನ್ ಅದ್ದಿದ ಬಟ್ಟೇಲಿ ಒರೆಸಿ, ಕಿಟಕಿ ತೆಗೆದಿರಲಿ, ದೀಪ ಒಲೆ ಆರಿರಲಿ.

ಆಮೇಲೆ ಅಂಟುವಾಳಕಾಯಿ. ಎರಡು ಹಿಡಿ ಕಾಯಿ ಜಜ್ಜಿ, ಬೀಜ ತೆಗೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ಕಿವುಚಿ ಬಟ್ಟೇಲಿ ಸೋಸಿ, ಸಿಪ್ಪೆ ಚೂರು ಉಳಿದರೆ ನೆಲದ ಮೇಲೆ ಕಲೆ ಕೂರುತ್ತೆ. ಅರ್ಧ ಬಕೆಟ್ ನೀರಿಗೆ ಬೆರೆಸಿಕೊಳ್ಳಿ. (ಬೆರೆಸೋ ಮುಂಚೆ ಒಂದು ಚೊಂಬು ತೆಗೆದಿಡಿ, ರೇಷ್ಮೆ ಸೀರೆ ಒಗೆಯೋಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಒಗೆದ ಸೀರೆ ನೆರಳಲ್ಲಿ ಹರವಿ, ಬಿಸಿಲಿಗೆ ಹಾಕಿ ಬಣ್ಣ ಹೋಯ್ತು ಅಂತ ಕೊರಗಬೇಡಿ.) ನೆಲಕ್ಕೆ ಎಲ್ಲಾ ಕಡೆ ಒಟ್ಟಿಗೆ ಸುರೀಬಾರದು. ಕೈಗೆ ಎಟುಕೋವಷ್ಟು ಜಾಗ ಉಜ್ಜಿ, ಆ ಕೊಳೆ ನೀರು ಒಣಗೋ ಮುಂಚೆ ಒರೆಸಿ, ಮುಂದಕ್ಕೆ ಸರೀರಿ. ಕೊನೆಗೆ ಬರೀ ನೀರಲ್ಲಿ ಎರಡು ಸಲ. ಫ್ಯಾನ್ ಹಾಕಿ ಒಂದು ಹಗಲು ಒಂದು ರಾತ್ರಿ ಒಣಗಲಿ. ಪಸೆ ಇದ್ದಾಗಲೇ ಎಣ್ಣೆ ಹಚ್ಚಿದರೆ ಮಂಕು ಮಚ್ಚೆ ಬೀಳುತ್ತೆ, ಆತುರದವರ ಮನೇಲೆಲ್ಲಾ ಇದೇ ಗತಿ.

ಕೊಬ್ಬರಿ ಎಣ್ಣೆ ಸಾಕು, ಚಳಿಗೆ ಹೆಪ್ಪುಗಟ್ಟಿದ್ದರೆ ಬೆಚ್ಚಗೆ ಮಾಡಿಕೊಳ್ಳಿ. ಎಣ್ಣೆಯನ್ನ ನೆಲಕ್ಕೆ ಸುರಿಯೋದಲ್ಲ! ಹಳೇ ಪಂಚೆ ತುಂಡನ್ನ ಅದ್ದಿ, ಹಿಂಡಿ, ಬಟ್ಟೆಯಲ್ಲಿ ಉಳಿದಿದ್ದನ್ನಷ್ಟೇ ಮೂಲೆಯಿಂದ ಬಾಗಿಲ ಕಡೆಗೆ ಸುತ್ತಿಸುತ್ತಿ ಉಜ್ಜುತ್ತಾ ಬನ್ನಿ. ಊಟ ಮುಗಿಸಿಕೊಂಡು ಬಂದು ಕಾಯಿ ಸುಲಿದ ಒಣ ಮಟ್ಟೆ ತಗೊಳ್ಳಿ, ಅಡ್ಡಕ್ಕೆ ಕತ್ತರಿಸಿದರೆ ನಾರಿನ ತುದಿಗಳು ಬ್ರಶ್ಶಿನ ಹಾಗೆ ನಿಲ್ಲುತ್ತವೆ. ಅದರಲ್ಲಿ ಮಂಡಿಯೂರಿ ತಿಕ್ಕಬೇಕು. ಗೊಂಬೆ ಕೂರಿಸೋಕೆ ಮುಂಚೆ ಅಗ್ರಹಾರದ ಮನೆಗಳಲ್ಲಿ ಅತ್ತೆ, ಸೊಸೆ, ನಾದಿನಿ ಎಲ್ಲಾ ಸಾಲಾಗಿ ಕೂತು ಹೀಗೇ ತಿಕ್ಕುತ್ತಿದ್ದರು, ಈಗ ಮಾಪ್ ಹಿಡಿದು ನಿಂತಲ್ಲೇ ಎಳೆದಾಡಿ ಆಯ್ತು ಅಂತಾರೆ. ಕೊನೆಗೆ ಒಣ ಬಟ್ಟೇಲಿ ಒರೆಸಿ, ನೆಲಕ್ಕೆ ಅಂಗೈ ಒತ್ತಿ ನೋಡಿ. ಕೈಗೆ ಜಿಡ್ಡು ಹತ್ತಿದರೆ ಇನ್ನೂ ಒರೆಸಿ. ಮಿಕ್ಕ ಎಣ್ಣೆಗೆ ಧೂಳು ಅಂಟುತ್ತೆ, ಬಂದವರೂ ಜಾರಿ ಬೀಳ್ತಾರೆ. ಕೂದಲೆಳೆ ಬಿರುಕುಗಳನ್ನ ಹಾಗೇ ಬಿಡಿ, ತೇಪೆ ಹಾಕಿದರೆ ಬಣ್ಣ ಕೂಡದೆ ಎದ್ದು ಕಾಣುತ್ತೆ.

ಬೀಗ ಹಾಕಿದ ಮನೆಯಾದರೆ ಬಚ್ಚಲ ಜಾಲಿಗಳಿಗೆ ವಾರಕ್ಕೆರಡು ಸಲ ಒಂದೊಂದು ಚೊಂಬು ನೀರು ಹಾಕಿ. ಅದರ ಕೆಳಗಿನ ಬಾಗಿನಲ್ಲಿ ನಿಂತ ನೀರು ಒಣಗಿದರೆ ಚರಂಡಿ ವಾಸನೆ ಸೀದಾ ಮೇಲೆ ಬರುತ್ತೆ, ಅದಕ್ಕೆ ಊದುಬತ್ತಿ ಏನು ಮಾಡುತ್ತೆ? ಸೋರೋ ನಲ್ಲಿಗಳ ವಾಷರ್ ಬದಲಾಯಿಸಿ, ಸಂಪು ತೊಳೆಸಿ. ಕಾವೇರಿ ನೀರು ಯಾವ ಹೊತ್ತಿಗೆ ಬರುತ್ತೆ, ಬೋರ್‌ವೆಲ್ ಇದೆಯಾ ಅಂತ ಕೇಳೇ ಕೇಳ್ತಾರೆ, ಇರೋದನ್ನ ಹೇಳಿ. ಬೀರುಗಳನ್ನ ಅರ್ಧ ಖಾಲಿ ಮಾಡಿ, ತೆಗೆದು ನೋಡದೆ ಬಿಡಲ್ಲ. ಈಶಾನ್ಯ ಮೂಲೇಲಿ ಪೊರಕೆ, ಚಪ್ಪಲಿ ಬೇಡ. ಮುಂದೆ ನುಗ್ಗೆ ಮರ ಇದ್ದರೆ ಕಂಬಳಿಹುಳ ಇದೆಯಾ ನೋಡಿಸಿ.

ಕರೆಯೋದಾದರೆ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಕರೀರಿ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಬರೋರೂ ಬರಲ್ಲ. ಕ್ರಯಪತ್ರ, ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಮಂಜೂರಾದ ನಕ್ಷೆ, ಕಂದಾಯದ ರಸೀದಿ, ಕರೆಂಟು ನೀರಿನ ಬಿಲ್ಲು ಒಂದೇ ಫೈಲಲ್ಲಿರಲಿ. ತೋರಿಸೋಕೆ ಜೆರಾಕ್ಸ್ ಸಾಕು, ಪ್ರತಿ ಹಾಳೆ ಮೇಲೂ ಅಡ್ಡ ಗೆರೆ ಎಳೆದು ಯಾಕೆ ಕೊಟ್ಟಿದ್ದು ಅಂತ ತಾರೀಕು ಹಾಕಿ ಬರೀರಿ. ಅಸಲು ಪತ್ರ ಯಾರು ಕೇಳಿದರೂ ಕೈಗೆ ಕೊಡಬೇಡಿ.