ತೂಕ ಏರಿತು, ನಿದ್ದೆ ಬಂತು: ಮಾತ್ರೆ ಜೊತೆ ನನ್ನ ಅನುಭವ

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಗೆ ದಿನಾ ರಾತ್ರಿ ಒಲಾಂಜಪಿನ್ ಮಾತ್ರೆ ನುಂಗುತ್ತೇನೆ. ಮಾತ್ರೆ ಶುರುವಾದ ವರ್ಷವೇ ತೂಕ 11 ಕಿಲೋ ಏರಿತು. ಮದುವೆ ಮನೆಗೆ ಹೋದರೆ "ಏನು, ತೋಟದ ಗಾಳಿ ಚೆನ್ನಾಗಿ ಹಿಡಿಸಿದೆ!" ಅನ್ನುವವರೇ ಎಲ್ಲ. ಹಿಂದೆ ನಾನು ರಾತ್ರಿಯಿಡೀ ಎಚ್ಚರ ಇದ್ದು, ಬೆಳಗ್ಗೆ ಸಿಕ್ಕಸಿಕ್ಕವರಿಗೆ ಹೋಂಸ್ಟೇ ಕಟ್ಟುವ ಪ್ಲಾನ್ ಹೇಳುತ್ತಾ ಓಡಾಡುತ್ತಿದ್ದಾಗ ಇದೇ ಜನ "ಎಷ್ಟು ಚುರುಕು" ಅಂದಿದ್ದರು.

ನನಗೆ ನಿದ್ದೆ ಮೊದಲು. ನಿದ್ದೆ ಕಡಿಮೆಯಾಗಿಯೂ ಸುಸ್ತೇ ಆಗದಿದ್ದರೆ ಮೇನಿಯಾ, ಅಂದರೆ ಮನಸ್ಸು ಹತೋಟಿ ಮೀರಿ ಏರುವ ಸ್ಥಿತಿ, ಹತ್ತಿರ ಬಂದಿದೆ ಎಂದೇ ಅರ್ಥ. ತೂಕವನ್ನು ಆಮೇಲೆ ನೋಡಿಕೊಳ್ಳಬಹುದು. ಮೇನಿಯಾದಲ್ಲಿ ಮಾಡಿದ ಸಾಲ, ಆಡಿದ ಮಾತು ಹಾಗಲ್ಲ. ಆದರೆ ತೂಕ ಬರೀ ಅಂದದ ವಿಷಯವೂ ಅಲ್ಲ. ಈ ಮಾತ್ರೆಯಿಂದ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಏರಬಹುದು. ಅದಕ್ಕೇ ತೂಕ, ಸೊಂಟದ ಸುತ್ತಳತೆ, ರಕ್ತ ಪರೀಕ್ಷೆ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಲೆಕ್ಕ ಬರೆಯುವವನಿಗೆ ಅದೇನು ಕಷ್ಟ ಅಲ್ವಾ?

ಡಾಕ್ಟರು ಒಂದು ವಿಷಯ ಬಿಡಿಸಿ ಹೇಳಿದರು. ನಮ್ಮನ್ನು ಎಚ್ಚರ ಇಡುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸವನ್ನು ಈ ಮಾತ್ರೆ ಮೆದುಳಿನಲ್ಲಿ ತಡೆಯುತ್ತದೆ. ನೆಗಡಿ ಮಾತ್ರೆ ಕೆಲವರಿಗೆ ತೂಕಡಿಕೆ ತರುವುದೂ ಅದರಿಂದಲೇ. ಹಸಿವು ಹೆಚ್ಚಾಗುವುದಕ್ಕೂ ಅದು ಒಂದು ಕಾರಣ. ಅಂದರೆ ನನಗೆ ಬೇಕಾದ್ದು, ಬೇಡದ್ದು ಎರಡೂ ಒಂದೇ ಕಡೆಯಿಂದ ಬರುತ್ತಿತ್ತು. ಇದು ಗೊತ್ತಾದ ಮೇಲೆ ನನ್ನ ನಾಲಿಗೆಯನ್ನು ಬೈಯುವುದು ಬಿಟ್ಟೆ.

ಆ ಹಸಿವು ಮಾಮೂಲಿ ಹಸಿವಲ್ಲ. ಊಟ ಮುಗಿಸಿ ಕೈ ತೊಳೆದರೂ ಹೊಟ್ಟೆಗೆ ಸುದ್ದಿ ಮುಟ್ಟಿರುವುದಿಲ್ಲ. ಹಂದಿ ಕರಿ ಇದ್ದ ದಿನ ಕಡಂಬುಟ್ಟು (ಅಕ್ಕಿ ಉಂಡೆ) ಎಷ್ಟು ಹೋಯಿತು ಎಂದು ಕೇಳಲೇಬೇಡಿ. ಮಾತ್ರೆ ನುಂಗಿ ಟಿವಿ ಮುಂದೆ ಕೂತರೆ ಮತ್ತೆ ಅಡುಗೆಮನೆ ಕಡೆಗೇ ಕಾಲು. ಆದ್ದರಿಂದ ಊಟ, ಮಾತ್ರೆ, ಹಾಸಿಗೆ ಮೂರನ್ನೂ ಬೇಗ ಮಾಡಿ ಒಂದರ ಹಿಂದೆ ಒಂದು ಇಟ್ಟೆ. ಹಸಿವು ಏಳುವ ಹೊತ್ತಿಗೆ ನಾನು ನಿದ್ದೆಯಲ್ಲಿರುತ್ತೇನೆ. ಬೆಳಗ್ಗೆ ಆಳುಗಳ ಹಾಜರಿ ತೆಗೆಯುವ ಮಸ್ಟರ್ ಹೊತ್ತಿಗೆ ಮಂಪರೂ ಕಡಿಮೆ. ತೂಕ ಏರಿಸುವ ಇನ್ನೊಂದು ಕಳ್ಳ ಅಂದರೆ ಬೆಲ್ಲದ ಕಾಫಿ. ತೋಟದಲ್ಲಿ ಯಾರ ಮನೆಗೆ ಹೋದರೂ ಒಂದು ಲೋಟ. ಈಗ ಬೆಲ್ಲ ಬಿಟ್ಟಿದ್ದೇನೆ, ಸಂಜೆ ಮೇಲೆ ಕಾಫಿಯನ್ನೇ ಬಿಟ್ಟಿದ್ದೇನೆ. ಮದುವೆಗಳಲ್ಲಿ ಪೆಗ್ ಬೇಡ ಅನ್ನುವುದು ಕೊಡಗಿನಲ್ಲಿ ದೊಡ್ಡ ಸಾಹಸ. "ಶುಗರ್ ಟೆಸ್ಟ್ ಇದೆ" ಅಂದುಬಿಡುತ್ತೇನೆ, ಯಾರೂ ಮುಂದೆ ಕೇಳುವುದಿಲ್ಲ.

ನಡಿಗೆಯಿಂದ ತೂಕ ಇಳಿಯಲಿಲ್ಲ. ತೋಟ ಸುತ್ತುವುದೇ ನನ್ನ ಕೆಲಸ, ಇನ್ನೆಷ್ಟು ನಡೆಯಲಿ!

ಮಾತ್ರೆ ಬದಲಾಯಿಸುವ ಮಾತೂ ಬಂತು. ಅರಿಪಿಪ್ರಜೋಲ್ ಎಂಬ ಇನ್ನೊಂದು ಮಾತ್ರೆಯಲ್ಲಿ ತೂಕದ ಕಾಟ ಕಡಿಮೆ, ಆದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ ಎಂದರು. ನಿದ್ದೆ ಮತ್ತೆ ಕೆಟ್ಟರೆ ಎಂಬ ಹೆದರಿಕೆಗೆ ನಾನು ಬೇಡ ಅಂದೆ. ಡಾಕ್ಟರು ತೂಕಕ್ಕೆಂದು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಸೇರಿಸಿದರು. ಒಲಾಂಜಪಿನ್ ಡೋಸನ್ನು 10 ಮಿಲಿಗ್ರಾಂನಿಂದ ನಿಧಾನವಾಗಿ 5ಕ್ಕೆ ತಂದರು. ನನ್ನದು ಒಂದೇ ಷರತ್ತು ಇತ್ತು: ಕಾಫಿ ಕೊಯ್ಲಿನ ಕಾಲದಲ್ಲಿ ಡೋಸ್‌ಗೆ ಕೈ ಹಾಕುವುದು ಬೇಡ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆಳು, ಕಣ, ಬಟವಾಡೆ ಅಂತ ನಿದ್ದೆಗೆ ಮೊದಲೇ ಏಟು ಬೀಳುತ್ತದೆ. ಕೊಯ್ಲು ಮುಗಿದ ಮೇಲೆ ಇಳಿಸಿದೆವು. ನಾನು ಎಷ್ಟು ಹೊತ್ತು ಮಲಗಿದೆ, ಎಷ್ಟು ಮಾತಾಡಿದೆ ಎಂದು ಹೆಂಡತಿ ಗಮನಿಸುತ್ತಿದ್ದಳು. ನನಗಿಂತ ಮೊದಲು ಅವಳಿಗೇ ಗೊತ್ತಾಗುವುದು.

11ರಲ್ಲಿ 5 ಕಿಲೋ ಇಳಿದಿದೆ. ಉಳಿದದ್ದಕ್ಕೆ ದೊಡ್ಡ ಪ್ಯಾಂಟ್ ಹೊಲಿಸಿಕೊಂಡಿದ್ದೇನೆ. ಇನ್ನೂ ಡೋಸ್ ಇಳಿಸಲು ಸಾಧ್ಯವೇ ಎಂದು ಡಾಕ್ಟರ ಹತ್ತಿರ ಕೇಳೋಣ ಅಂತ ಹೆಂಡತಿಯೇ ಹೇಳುತ್ತಿದ್ದಾಳೆ. ನಾನು ಇನ್ನೂ ಹೂಂ ಅಂದಿಲ್ಲ.