ಮನೆಯ ಖಾನೆಯಲ್ಲೇ ಇವೆ ಕೈತೋಟದ ಸಲಕರಣೆಗಳು

ಕುಂಡಗಳಲ್ಲಿ, ಪುಟ್ಟ ಮಡಿಗಳಲ್ಲಿ ಗಿಡ ಬೆಳೆಸುವವರಿಗೆ ಗುದ್ದಲಿ ಹಿಡಿಯುವ ಸಂದರ್ಭ ಅಪರೂಪ. ದಿನವೂ ಎದುರಾಗುವುದು ನಾಜೂಕಿನ ಕೆಲಸ. ಎರಡೆಲೆಯ ಸಸಿಯನ್ನು ಬೇರು ಹರಿಯದಂತೆ ಎತ್ತಬೇಕು, ಸಣ್ಣ ಬೀಜವನ್ನು ಸರಿಯಾದ ಆಳಕ್ಕೆ ಊರಬೇಕು, ಕುಂಡದ ತಳದಲ್ಲಿ ತೇವ ಉಳಿದಿದೆಯೇ ಎಂದು ತಿಳಿಯಬೇಕು. ಇಂಥ ಕೆಲಸಕ್ಕೆ ಅಗಲವಾದ ಕರಣೆಗಿಂತ ಹಳೆಯ ಫೋರ್ಕ್ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸದಾಗಿ ತೋಟ ಆರಂಭಿಸುವವರು ಸಲಕರಣೆ ಕೊಳ್ಳುವ ಮುನ್ನ ಮನೆಯ ಖಾನೆಗಳನ್ನು ಒಮ್ಮೆ ತೆರೆದು ನೋಡಲಿ.

ಮೊದಲು ಜೋಡಿಸಿಕೊಳ್ಳಿ

ಪೆನ್ಸಿಲ್, ಬಣ್ಣ ಬಳಿಯದ ತೆಳುವಾದ ಮರದ ಕಡ್ಡಿ, ಸುಲಭವಾಗಿ ಬಾಗದ ಸ್ಟೀಲ್ ಫೋರ್ಕ್, ಚೂಪುತುದಿಯ ಸಣ್ಣ ಕತ್ತರಿ, ಮುಚ್ಚಳವಿರುವ ಒಂದೆರಡು ಪ್ಲಾಸ್ಟಿಕ್ ಬಾಟಲಿ, ಹಳೆಯ ಟೂತ್‌ಬ್ರಷ್, ಮೃದುವಾದ ಬಣ್ಣದ ಕುಂಚ, ಹಲ್ಲುಗಳಿರುವ ಬ್ರೆಡ್ ಚಾಕು, ಹರಿದ ಹತ್ತಿಯ ಬನಿಯನ್ನು. ಕೀಟನಾಶಕ ಅಥವಾ ಶೌಚಾಲಯ ತೊಳೆಯುವ ದ್ರಾವಣವಿದ್ದ ಬಾಟಲಿ ಮಾತ್ರ ಬೇಡ. ಎಷ್ಟು ತೊಳೆದರೂ ಅದನ್ನು ಗಿಡದ ಬಳಿ ತರಬೇಡಿ. ಮಣ್ಣಿಗಿಳಿದ ಫೋರ್ಕ್, ಚಾಕು ಮತ್ತೆ ಅಡುಗೆಗೆ ಬಳಕೆಯಾಗಬಾರದು. ಅವುಗಳ ಹಿಡಿಗೆ ಎದ್ದು ಕಾಣುವ ಬಣ್ಣದ ಟೇಪ್ ಸುತ್ತಿದರೆ ಎರಡು ಅನುಕೂಲ: ಅಡುಗೆಮನೆಯ ಪಾತ್ರೆಗಳ ಜೊತೆ ಬೆರೆಯುವುದಿಲ್ಲ, ಗಿಡಗಳ ನಡುವೆ ಬಿದ್ದರೂ ಬೇಗ ಕಣ್ಣಿಗೆ ಬೀಳುತ್ತವೆ.

ಬೀಜ ಊರುವಾಗ ಪೆನ್ಸಿಲ್

ಪೆನ್ಸಿಲ್‌ನ ತುದಿಯಿಂದ ಅರ್ಧ, ಒಂದು, ಎರಡು ಸೆಂಟಿಮೀಟರ್ ದೂರಕ್ಕೆ ಗೆರೆ ಎಳೆದುಕೊಳ್ಳಿ. ಬೀಜದ ದಪ್ಪದ ಎರಡರಿಂದ ಮೂರು ಪಟ್ಟು ಆಳ ಸಾಕೆಂಬುದು ಹೆಚ್ಚಿನ ಬೀಜಗಳಿಗೆ ಒಪ್ಪುವ ಲೆಕ್ಕ. ಬೇಕಾದ ಗೆರೆಯವರೆಗೆ ಚುಚ್ಚಿ, ಬೀಜ ಹಾಕಿ, ಮಣ್ಣು ಎಳೆದು ಮೆಲ್ಲಗೆ ಒತ್ತಿ. ಆಳ ಹೆಚ್ಚಾದರೆ, ಬೀಜದೊಳಗಿನ ಆಹಾರವೆಲ್ಲ ಮೊಳಕೆ ಬೆಳಕಿಗೆ ಬರುವ ಮುನ್ನವೇ ಮುಗಿದುಹೋಗುತ್ತದೆ. ಧೂಳಿನಷ್ಟು ಸಣ್ಣ ಬೀಜವನ್ನು ಹೂಳುವುದೇ ಬೇಡ, ಒದ್ದೆ ಮಣ್ಣಿನ ಮೇಲೆ ಉದುರಿಸಿ ಒತ್ತಿದರಾಯಿತು.

ಗಿಡದ ಹೆಸರಿನ ಚೀಟಿಗೂ ಪೆನ್ಸಿಲ್ಲೇ ಸರಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ. ಪೆನ್ಸಿಲ್‌ನ ಗ್ರಾಫೈಟ್ ಇಂಗಾಲದ ಒಂದು ರೂಪ, ಬಿಸಿಲಿಗೆ ಬಣ್ಣಗೆಡುವುದಿಲ್ಲ. ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ಪಟ್ಟಿಗಳಾಗಿ ಕತ್ತರಿಸಿ, ಮೇಲ್ಮೈಯನ್ನು ಮರಳು ಕಾಗದದಿಂದ ಉಜ್ಜಿದರೆ ಬರವಣಿಗೆ ಚೆನ್ನಾಗಿ ಹಿಡಿಯುತ್ತದೆ.

ಮರದ ಕಡ್ಡಿಯ ಕೆಲಸ ಬೇರೆ. ಅದನ್ನು ಕುಂಡದ ಅಂಚಿನ ಬಳಿ ತಳದವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಗಾಢವಾಗಿ ಕಂಡರೆ, ಮಣ್ಣು ಅಂಟಿದ್ದರೆ ಒಳಗೆ ತೇವವಿದೆ ಎಂದೇ ಅರ್ಥ, ನೀರು ಬೇಡ. ಕುಂಡದ ಗಿಡಗಳು ನೀರಿಲ್ಲದೆ ಸಾಯುವಂತೆಯೇ ನೀರು ಹೆಚ್ಚಾಗಿಯೂ ಸಾಯುತ್ತವೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಗಾಳಿ ಸಿಗದೆ ಕೊಳೆಯಲಾರಂಭಿಸುತ್ತದೆ. ಮೇಲ್ಮಣ್ಣು ಒಣಗಿರುವುದನ್ನಷ್ಟೇ ನೋಡಿ ನೀರು ಸುರಿಯುವ ಅಭ್ಯಾಸವನ್ನು ಈ ಒಂದು ಕಡ್ಡಿ ಬಿಡಿಸಬಲ್ಲದು.

ಸಸಿ ಎತ್ತಲು ಫೋರ್ಕ್

ನಾಟಿಗೆ ಒಂದು ಗಂಟೆ ಮುಂಚೆ ಸಸಿಗಳಿಗೆ ನೀರುಣಿಸಿ. ಫೋರ್ಕನ್ನು ಸಸಿಯ ಪಕ್ಕದಲ್ಲಿ ಓರೆಯಾಗಿ ಇಳಿಸಿ, ಬೇರಿನ ಕೆಳಗಿನಿಂದ ಮಣ್ಣಿನ ಸಮೇತ ಎತ್ತಿ. ಇನ್ನೊಂದು ಕೈಯಲ್ಲಿ ಹಿಡಿಯಬೇಕಾದದ್ದು ಎಲೆಯನ್ನು, ಕಾಂಡವನ್ನಲ್ಲ. ಎಲೆಗೆ ಪೆಟ್ಟಾದರೆ ಇನ್ನೊಂದು ಚಿಗುರುತ್ತದೆ. ಎಳೆಯ ಕಾಂಡ ಜಜ್ಜಿದರೆ ಸಸಿ ಉಳಿಯುವುದು ಕಷ್ಟ. ಕುಂಡದಲ್ಲಿ ಗಟ್ಟಿಗಟ್ಟಿದ ಮೇಲ್ಮಣ್ಣನ್ನು ಕೆದಕಲೂ ಇದೇ ಫೋರ್ಕ್ ಸಾಕು.

ಒತ್ತಾಗಿ ಎದ್ದ ಸಸಿಗಳನ್ನು ತೆಳುಗೊಳಿಸುವಾಗ ಮಾತ್ರ ಕೀಳಬೇಡಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಡಿ.

ಬಾಟಲಿ, ಬಲೆ, ಬಟ್ಟೆ

ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಹತ್ತಾರು ಸಣ್ಣ ತೂತು ಮಾಡಿ. ಸೂಜಿಯನ್ನು ಇಕ್ಕಳದಲ್ಲೇ ಹಿಡಿಯಿರಿ. ಈ ಬಾಟಲಿಯನ್ನು ಬಗ್ಗಿಸಿ ಮೆಲ್ಲಗೆ ಅದುಮಿದರೆ ಬೀಜ ಕದಲದಷ್ಟು ಹಗುರವಾಗಿ ನೀರು ಬೀಳುತ್ತದೆ. ಇನ್ನೊಂದು ಬಾಟಲಿಯ ತಳ ಕತ್ತರಿಸಿ ಎಳೆಯ ಸಸಿಯ ಮೇಲೆ ಕವುಚಿದರೆ ಒಳಗೆ ತೇವ ನಿಲ್ಲುತ್ತದೆ, ಚಳಿ ತಟ್ಟುವುದಿಲ್ಲ. ಬಿಸಿಲು ಏರಿದಾಗ ಮುಚ್ಚಳ ತೆಗೆಯಲೇಬೇಕು, ಇಲ್ಲವಾದರೆ ಒಳಗಿನ ಶಾಖಕ್ಕೆ ಸಸಿ ಬೆಂದುಹೋಗುತ್ತದೆ.

ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದು ಬೇರೆಯೇ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆಯುವವರೆಗೆ ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಅಂದರೆ ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೆ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಹಾಸಿ, ನೇರವಾಗಿ ಮಣ್ಣು ತುಂಬಿ. ಮಣ್ಣು ಸೋರುವುದಿಲ್ಲ, ನೀರು ಹೋಗುತ್ತದೆ.

ಬನಿಯನ್ನನ್ನು ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿದರೆ ಗಿಡ ಕಟ್ಟಲು ಇದಕ್ಕಿಂತ ಮೆತ್ತಗಿನ ದಾರವಿಲ್ಲ. ಗಿಡಕ್ಕೂ ಆಸರೆಯ ಕೋಲಿಗೂ ನಡುವೆ ಪಟ್ಟಿ ಒಮ್ಮೆ ಅಡ್ಡ ಹಾಯುವಂತೆ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ, ಗಂಟನ್ನು ಕೋಲಿನ ಕಡೆಗೆ ಹಾಕಿ. ಕಾಂಡ ದಪ್ಪವಾದಂತೆ ಬಟ್ಟೆ ಹಿಗ್ಗುತ್ತದೆ. ತಂತಿ ಕಟ್ಟಿದರೆ ಸಿಪ್ಪೆಯೊಳಗೆ ಹೂತುಕೊಳ್ಳುತ್ತದೆ.

ಹೂವಿಗೆ ಬ್ರಷ್

ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಪರಾಗಕೋಶದೊಳಗೆ ಅಡಗಿರುತ್ತದೆ. ಕಂಪನವಾದರೆ ಉದುರುತ್ತದೆ. ಬಯಲಿನಲ್ಲಿ ಗಾಳಿ ಮತ್ತು ರೆಕ್ಕೆಯ ಸ್ನಾಯು ನಡುಗಿಸಬಲ್ಲ ಕೆಲವು ಜಾತಿಯ ದುಂಬಿಗಳು ಈ ಕೆಲಸ ಮಾಡುತ್ತವೆ. ಗಾಳಿಯಾಡದ ಜಾಗದಲ್ಲಿ ಹೂವು ಕಾಯಾಗದೆ ಉದುರುತ್ತಿದ್ದರೆ, ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿಯನ್ನು ಹೂಗೊಂಚಲಿನ ತೊಟ್ಟಿಗೆ ಎರಡು ಮೂರು ಸೆಕೆಂಡ್ ತಾಗಿಸಿ ನೋಡಿ. ಸಾಧಾರಣ ಬ್ರಷ್ ಇದ್ದರೆ ತೊಟ್ಟನ್ನು ಅದರಿಂದ ಮೆಲ್ಲಗೆ ತಟ್ಟಿ.

ಕುಂಬಳ, ಸೌತೆಗಳಲ್ಲಿ ಸಾಮಾನ್ಯವಾಗಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಬುಡದಲ್ಲಿ ಪುಟ್ಟ ಕಾಯಿಯ ರೂಪವಿರುವುದು ಹೆಣ್ಣು. ಬೆಳಿಗ್ಗೆ ಹೂವು ಅರಳಿರುವಾಗಲೇ ಗಂಡು ಹೂವಿನ ಪರಾಗವನ್ನು ಕುಂಚದಿಂದ ತೆಗೆದು ಹೆಣ್ಣು ಹೂವಿನ ನಡುವೆ ಸವರಬೇಕು. ಕುಂಬಳದ ಹೂವು ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡುಬಿಡುತ್ತದೆ.

ಕಾಂಡಕ್ಕೆ ಅಂಟಿದ ಹಿಟ್ಟುತಿಗಣೆಯನ್ನು ಸಾಬೂನು ನೀರಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಬಹುದು. ಎಲೆಯ ಬುಡದ ಸಂದಿಗಳನ್ನು ಮರೆಯಬೇಡಿ, ಅವು ಅಡಗುವುದೇ ಅಲ್ಲಿ.

ಬೇರಿಗೆ ಚಾಕು

ಬೇರುಗಳು ಕುಂಡದ ಗೋಡೆಗುಂಟ ಸುತ್ತಿಕೊಂಡು ಬೆಳೆದಿದ್ದರೆ, ಹಾಗೆಯೇ ದೊಡ್ಡ ಕುಂಡಕ್ಕೆ ಇಳಿಸಿದರೂ ಅವು ಸುತ್ತುತ್ತಲೇ ಇರುತ್ತವೆ. ಬ್ರೆಡ್ ಚಾಕುವಿನಿಂದ ಬೇರುಮುದ್ದೆಯ ಬದಿಗಳಲ್ಲಿ ಮೂರ್ನಾಲ್ಕು ಕಡೆ ಮೇಲಿಂದ ಕೆಳಗೆ ತೆಳುವಾಗಿ ಗೀರಿ. ಕತ್ತರಿಸಿದಲ್ಲಿಂದ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ.

ಕೆಲಸ ಮುಗಿದ ಮೇಲೆ ಫೋರ್ಕ್, ಚಾಕು, ಕತ್ತರಿಗಳ ಮಣ್ಣು ತೊಳೆದು ಪೂರ್ತಿ ಒಣಗಿಸಿ. ರೋಗ ತಗುಲಿದ ಗಿಡವನ್ನು ಕತ್ತರಿಸಿದ್ದರೆ 70 ಶೇಕಡಾ ಆಲ್ಕೊಹಾಲ್ ಇರುವ ದ್ರಾವಣದಿಂದ ಅಲಗನ್ನು ಒರೆಸಿ, ಆಮೇಲಷ್ಟೇ ಮುಂದಿನ ಗಿಡಕ್ಕೆ ಕೈಹಾಕಿ.