ಲಾಗಿನ್ ನಿಲ್ಲಿಸುವ ಮೊದಲು ಪತ್ರ ಕಳಿಸಿ

ಬೆಳಗ್ಗೆ ಎಂಟು ಗಂಟೆ. ಊಟದ ಮೇಜಿನ ಮೇಲೆ ಶಾಲೆ ಕೊಟ್ಟ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿಹೋದ ಉಪ್ಪಿಟ್ಟು. ಪರದೆಯಲ್ಲಿ ಟೀಚರ್ ಭಿನ್ನರಾಶಿ ಹೇಳುತ್ತಿದ್ದಾರೆ. ಮಗಳು ಮೈಕ್ ಮ್ಯೂಟ್ ಮಾಡಿ, ‘ಅಮ್ಮಾ, ಇದು ಹೆಂಗೆ?’ ಅಂತ ನನ್ನನ್ನು ಕೇಳುತ್ತಾಳೆ. ಕಲಿಸೋದು ನಾನೇ ಆದಮೇಲೆ ಈ ಶಾಲೆ ಯಾಕೆ ಅಂತ ಅನಿಸುವುದು ಸಹಜ ಅಲ್ವಾ? ನಾನಿರುವುದು ಟೆಕ್ಸಾಸ್‌ನಲ್ಲಿ. ಹಾಗಾಗಿ ಆನ್‌ಲೈನ್ ಸರ್ಕಾರಿ ಶಾಲೆ ಬಿಡಿಸಿ, ಹೋಂಸ್ಕೂಲ್ ಅಂದರೆ ಮನೆಯಲ್ಲಿ ನಾವೇ ಕಲಿಸುವುದಕ್ಕೆ ಇಲ್ಲಿಯ ದಾರಿಯನ್ನೇ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ವರ್ಚುವಲ್ (ಆನ್‌ಲೈನ್) ಸರ್ಕಾರಿ ಶಾಲೆ ಮನೆಯಲ್ಲೇ ನಡೆದರೂ ಅದು ಹೋಂಸ್ಕೂಲ್ ಅಲ್ಲ. ಅಲ್ಲಿ ಹಾಜರಾತಿ ಇದೆ, ರಾಜ್ಯದ ಸ್ಟಾರ್ ಪರೀಕ್ಷೆ ಇದೆ. ಎಷ್ಟೋ ಕಡೆ ಪೋಷಕರಿಗೆ ‘ಲರ್ನಿಂಗ್ ಕೋಚ್’ ಅಂತ ಹೆಸರು ಕೊಟ್ಟಿರುತ್ತಾರೆ. ಹೆಸರು ಚಂದ, ಆದರೆ ಏನು ಕಲಿಸಬೇಕು, ಯಾವಾಗ ಕಲಿಸಬೇಕು ಅಂತ ತೀರ್ಮಾನಿಸುವುದು ಕೋಚ್ ಅಲ್ಲ. ಹೋಂಸ್ಕೂಲ್‌ನಲ್ಲಿ ಆ ತೀರ್ಮಾನ ನಮ್ಮದು, ಹೊಣೆಯೂ ಪೂರ್ತಿ ನಮ್ಮದು.

ಮೊದಲ ಕೆಲಸ: ಎರಡು ವಾರ ಒಂದು ನೋಟ್‌ಬುಕ್ ಇಡಿ. ಇವತ್ತು ಟೀಚರ್ ಎಷ್ಟು ಕಲಿಸಿದರು, ನೀವು ಎಷ್ಟು ಹೊತ್ತು ಕೂತಿರಿ, ಜಗಳ ಯಾವುದಕ್ಕೆ ಆಯಿತು, ಎಲ್ಲ ಬರೆಯಿರಿ. ನಮ್ಮ ನೋಟ್‌ಬುಕ್ ನೋಡಿದಾಗ ತೊಂದರೆ ಗಣಿತದಲ್ಲಿರಲಿಲ್ಲ. ಒಂದರ ಹಿಂದೆ ಒಂದು ಬರುವ ಲೈವ್ ಕ್ಲಾಸ್‌ಗಳಲ್ಲಿತ್ತು. ಬರೀ ಒಬ್ಬ ಟೀಚರ್ ಸರಿಹೋಗುತ್ತಿಲ್ಲ ಅಂತಾದರೆ ಶಾಲೆ ಬಿಡಿಸುವುದಕ್ಕಿಂತ ಟೀಚರ್ ಬದಲಿಸಿ ಅಂತ ಕೇಳುವುದು ಸುಲಭ.

ಆಮೇಲೆ ಏನೇನು ಕೈತಪ್ಪುತ್ತದೆ ಅಂತ ಲೆಕ್ಕ ಹಾಕಿ. ಪುಸ್ತಕ, ಲ್ಯಾಪ್‌ಟಾಪ್ ಪುಕ್ಕಟೆ ಸಿಗುವುದಿಲ್ಲ. ಮಗುವಿಗೆ ಮಾತಿನ ಥೆರಪಿಯಂಥ ವಿಶೇಷ ನೆರವು ಶಾಲೆಯಿಂದ ಸಿಗುತ್ತಿದ್ದರೆ ನಿಧಾನಿಸಿ, ಶಾಲೆ ಬಿಟ್ಟಮೇಲೆ ಆ ಹಕ್ಕು ಹಾಗೇ ಉಳಿಯುವುದಿಲ್ಲ. ಹೈಸ್ಕೂಲ್ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ವಾಪಸ್ ಸೇರಿಸುವಾಗ ಮನೆಯಲ್ಲಿ ಓದಿದ್ದಕ್ಕೆ ಕ್ರೆಡಿಟ್ (ಆ ವಿಷಯ ಮುಗಿಸಿದ ಲೆಕ್ಕ) ಕೊಡುವ ಮುಂಚೆ ಶಾಲೆ ಪರೀಕ್ಷೆ ಮಾಡಬಹುದು.

ಕಾನೂನು ಮಾತ್ರ ಇಲ್ಲಿ ಸಲೀಸು. 1994ರ ಲೀಪರ್ ಪ್ರಕರಣದಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಹೋಂಸ್ಕೂಲನ್ನು ಖಾಸಗಿ ಶಾಲೆ ಅಂತಲೇ ಒಪ್ಪಿತು. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪೌರತ್ವ, ಈ ಐದನ್ನು ಪುಸ್ತಕವೋ ವಿಡಿಯೊವೋ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸಬೇಕು. ಇಷ್ಟೇ ಗಂಟೆ ಅಂತಿಲ್ಲ, ತಾಯಿತಂದೆಗೆ ಬಿ.ಇಡಿ. ಬೇಕಿಲ್ಲ. ಕನ್ನಡವನ್ನು ಆರನೆಯದಾಗಿ ಸೇರಿಸಿದರೆ ಯಾರೂ ಬೇಡ ಅನ್ನುವುದಿಲ್ಲ!

ಈಗ ಎಲ್ಲರೂ ಎಡವುವ ಜಾಗ. ಪಕ್ಕದ ಬೀದಿಯ ಹಾಸನದವರು ಸೋಮವಾರ ತೀರ್ಮಾನ ಮಾಡಿ ಅವತ್ತಿಂದಲೇ ಲಾಗಿನ್ ನಿಲ್ಲಿಸಿದರು. ಮಗನನ್ನು ಬಿಡಿಸುತ್ತಿದ್ದೇವೆ ಅಂತ ಶಾಲೆಗೆ ತಿಳಿಸುವ ಪತ್ರ ಆಮೇಲೆ ಕಳಿಸಿದರಾಯಿತು ಅಂದುಕೊಂಡಿದ್ದರು. ವಾರ ಕಳೆಯುವಷ್ಟರಲ್ಲಿ ಗೈರುಹಾಜರಿಯ ನೋಟಿಸ್ ಬಂತು. ಅವರ ಮಗ ಶಾಲೆಯ ಲೆಕ್ಕದಲ್ಲಿ ಇನ್ನೂ ವಿದ್ಯಾರ್ಥಿಯೇ. ಟೆಕ್ಸಾಸ್‌ನಲ್ಲಿ 6 ವರ್ಷದಿಂದ 19 ತುಂಬುವ ತನಕ ಶಾಲೆ ಕಡ್ಡಾಯ. ಆದ್ದರಿಂದ ಮೊದಲು ಪತ್ರ, ಆಮೇಲೆ ಲಾಗೌಟ್.

ಪತ್ರದಲ್ಲಿ ನಾಲ್ಕು ಸಾಲು ಸಾಕು. ಮಗುವಿನ ಹೆಸರು, ತರಗತಿ, ಯಾವ ದಿನದಿಂದ ಮನೆಯಲ್ಲಿ ಕಲಿಸುತ್ತೀರಿ, ಕೆಳಗೆ ನಿಮ್ಮ ಸಹಿ ಮತ್ತು ತಾರೀಕು. ಕಾರಣ ವಿವರಿಸುತ್ತಾ ಎರಡು ಪುಟ ಬರೆಯಬೇಡಿ, ಸುಮ್ನೆ ವಾದಕ್ಕೆ ದಾರಿ. ಪಠ್ಯಕ್ರಮ ತೋರಿಸಲೇಬೇಕು ಅಂತಾಗಲಿ, ಖುದ್ದು ಬರಲೇಬೇಕು ಅಂತಾಗಲಿ ನಿಯಮವಿಲ್ಲ. ಈಮೇಲ್ ಕಳಿಸಿ ‘ತಲುಪಿದೆ’ ಎಂಬ ಉತ್ತರ ಬರೆಸಿಕೊಳ್ಳಿ. ಲ್ಯಾಪ್‌ಟಾಪ್ ವಾಪಸ್ ಮಾಡುವಾಗ ಚಾರ್ಜರ್ ಸಮೇತ ಫೋಟೊ ತೆಗೆದು, ಕೊರಿಯರ್ ರಸೀದಿ ಜೋಪಾನ ಮಾಡಿ.

ಬೇರೆ ರಾಜ್ಯದಲ್ಲಿದ್ದರೆ ಇದೇ ದಾರಿ ನಡೆಯುತ್ತದೆ ಅಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆಯನ್ನೇ ಖಾಸಗಿ ಶಾಲೆ ಮಾಡಿಕೊಂಡವರು ಪ್ರತಿವರ್ಷ ಅಫಿಡವಿಟ್ ಸಲ್ಲಿಸುತ್ತಾರೆ, ಅದರ ಕಾಲ ಅಕ್ಟೋಬರ್ 1ರಿಂದ 15. ಪೆನ್ಸಿಲ್ವೇನಿಯಾದಲ್ಲಿ ಕಟ್ಟುನಿಟ್ಟು ಜಾಸ್ತಿ. ಸೈಬರ್ ಚಾರ್ಟರ್ ಶಾಲೆಗೆ (ಅಲ್ಲಿಯ ಆನ್‌ಲೈನ್ ಸರ್ಕಾರಿ ಶಾಲೆ) ಹೇಳಿದರೆ ಸಾಲದು, ನೀವಿರುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟ್‌ಗೇ ಕಾಗದ ಹೋಗಬೇಕು. ವರ್ಷದ ಕೊನೆಗೆ ಮಗುವಿನ ಕೆಲಸದ ಫೈಲನ್ನು ಅರ್ಹ ಮೌಲ್ಯಮಾಪಕರು ನೋಡುತ್ತಾರೆ.

ಬೆಂಗಳೂರಿಗೋ ಮೈಸೂರಿಗೋ ಮರಳುವ ಯೋಚನೆ ಇದ್ದವರು ಹೊರಬರುವ ಮೊದಲೇ ಹಳೆಯ ರಿಪೋರ್ಟ್ ಕಾರ್ಡ್‌ಗಳ ಅಧಿಕೃತ ಪ್ರತಿ ಕೇಳಿಟ್ಟುಕೊಳ್ಳಿ. ಅಲ್ಲಿಯ ಶಾಲೆಯವರು ಟಿ.ಸಿ. ಕೇಳುತ್ತಾರೆ, ಇಲ್ಲಿ ಆ ಹೆಸರಿನ ಕಾಗದವೇ ಇಲ್ಲ. ಊರಿನಲ್ಲೂ ಮನೆಯಲ್ಲೇ ಓದಿಸುವುದಾದರೆ 14 ತುಂಬಿದ ಮಗು ಎನ್‌ಐಓಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿಗೆ ಕಟ್ಟಬಹುದು. ಅದಕ್ಕೆ ಜನನ ಪ್ರಮಾಣಪತ್ರ ಬೇಕು, ಸೂಟ್‌ಕೇಸ್ ತಳದಲ್ಲಿ ಇಡಬೇಡಿ.